ಗ್ರಾಫಿಕ್ಸ್ ಕಾರ್ಡ್ ಈಗಲೇ ಕೊಳ್ಳೋದಾ, ಕಾಯೋದಾ?

ಪ್ರಶ್ನೆ: ನಮ್ಮದು ಚಿಕ್ಕಮಗಳೂರು. ಮಗ ಇಂಜಿನಿಯರಿಂಗ್ ಎರಡನೇ ವರ್ಷ. ಕಂಪ್ಯೂಟರ್‌ಗೆ ಆರ್‌ಟಿಎಕ್ಸ್ 5070 ಕಾರ್ಡ್ ಬೇಕೇ ಬೇಕು ಅಂತ ಹಟ ಹಿಡಿದಿದ್ದಾನೆ. ಕಂಪನಿ ಬೆಲೆ 59,000 ಅಂತ ಅವನೇ ತೋರಿಸಿದ. ಊರಿನ ಅಂಗಡಿಯಲ್ಲಿ ಕೇಳಿದರೆ ಅದಕ್ಕಿಂತ ಜಾಸ್ತಿ ಹೇಳುತ್ತಾರೆ. ಸ್ಟಾಕ್ ಇಲ್ಲ, ಅಡ್ವಾನ್ಸ್ ಕೊಟ್ಟರೆ ಬೆಂಗಳೂರಿನಿಂದ ತರಿಸುತ್ತಾರಂತೆ. ಕೊಟೇಶನ್ ಇವತ್ತಿಗೆ ಮಾತ್ರ ಅಂತೆ. ಇದು ಮೋಸ ಅಲ್ವಾ? ಒಂದಾರು ತಿಂಗಳು ಕಾದರೆ ಇಳಿಯುತ್ತಾ?

ಉತ್ತರ: ಮೋಸದ ಮಾತು ಮೊದಲು ಮುಗಿಸೋಣ. 59,000 ರೂಪಾಯಿ ಎಂಆರ್‌ಪಿ ಅಲ್ಲ. 2025ರ ಆರಂಭದಲ್ಲಿ ಈ ಕಾರ್ಡಿನ ಕಂಪನಿ ಎನ್‌ವಿಡಿಯಾ ಭಾರತಕ್ಕೆಂದು ಹೇಳಿದ 'ಇಷ್ಟರಿಂದ ಶುರು' ಬೆಲೆ ಅದು. ಎನ್‌ವಿಡಿಯಾ ಕೊಡುವುದು ಮುಖ್ಯವಾಗಿ ಚಿಪ್. ಅದಕ್ಕೆ ಬೋರ್ಡು, ಫ್ಯಾನು, ಡಬ್ಬ ಸೇರಿಸಿ ಮಾರುವವರು ಏಸಸ್, ಎಂಎಸ್‌ಐ, ಗಿಗಾಬೈಟ್, ಝೋಟ್ಯಾಕ್ ಮುಂತಾದವರು. ಅವರ ಬೆಲೆ ಅವರದು. ಡಬ್ಬದ ಮೇಲೆ ಆಮದು ಮಾಡಿದವರ ಹೆಸರು, ಎಂಆರ್‌ಪಿ ಇರುವ ಚೀಟಿ ಇರಬೇಕು. ಆ ಎಂಆರ್‌ಪಿ ಸಾಮಾನ್ಯವಾಗಿ ಅಂಗಡಿ ಬೆಲೆಗಿಂತ ಎಷ್ಟೋ ಮೇಲಿರುತ್ತದೆ. ಅದನ್ನು ಮೀರಿ ಮಾರಿದರೆ ಮಾತ್ರ ಕಾನೂನಿನ ಪ್ರಕಾರ ತಪ್ಪು. ಹಾಗಾಗಿ ಕಂಪನಿ ಹೇಳಿದ್ದಕ್ಕಿಂತ ಜಾಸ್ತಿ ಕೇಳಿದರು ಅಂತ ದೂರು ಕೊಡಲು ಬರುವುದಿಲ್ಲ.

ದೂರು ಕೊಡಬೇಕಾದ ಸಂಗತಿ ಬೇರೆ ಇದೆ. 'ಕಾರ್ಡ್ ಬೇಕಾದರೆ ಜೊತೆಗೆ ಈ ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟು ಕೊಡುವ ಡಬ್ಬ), ಈ ಮದರ್‌ಬೋರ್ಡ್ ತಗೊಳ್ಳಲೇಬೇಕು' ಅನ್ನುವ ಕಾಂಬೊ ಆಟ. 2021ರಲ್ಲಿ ಕಾರ್ಡ್‌ಗಳ ಅಭಾವ ಇದ್ದಾಗ ಇದು ಜೋರಾಗಿ ನಡೆಯಿತು. ಒಂದು ವಸ್ತು ಬೇಕಾದರೆ ಇನ್ನೊಂದು ಕೊಳ್ಳಲೇಬೇಕು ಅನ್ನುವ ಷರತ್ತನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ ಒಪ್ಪುವುದಿಲ್ಲ. ಯಾರಾದರೂ ಹಾಗೆ ಹೇಳಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನಿಮ್ಮ ಅಂಗಡಿಯವರು ಹಾಗೇನೂ ಹೇಳಿದಂತಿಲ್ಲ.

ಈಗ ಆ 59,000ದ ಲೆಕ್ಕ ನೋಡಿ. ಅಮೆರಿಕದಲ್ಲಿ ಈ ಕಾರ್ಡಿಗೆ ಹೇಳಿದ್ದು 549 ಡಾಲರ್, ಅದೂ ಅಲ್ಲಿನ ತೆರಿಗೆ ಬಿಟ್ಟು. ಡಾಲರ್‌ಗೆ 87 ರೂಪಾಯಿ ಹಿಡಿದರೆ 47,763 ಆಯಿತು. ಶೇ 18ರ ಜಿಎಸ್‌ಟಿ ಸೇರಿದರೆ 56,360. 59,000ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಎರಡೂವರೆ ಸಾವಿರದಷ್ಟೇ. 2025ರ ಡಿಸೆಂಬರ್‌ನಲ್ಲಿ ಡಾಲರ್ 90 ರೂಪಾಯಿ ದಾಟಿತು. 90ರ ಲೆಕ್ಕದಲ್ಲಿ ಅದೇ ಕಾರ್ಡಿಗೆ ತೆರಿಗೆ ಸೇರಿ 58,304. ಅಂದರೆ ಯಾರೂ ಒಂದು ರೂಪಾಯಿ ಲಾಭ ಹೆಚ್ಚಿಸದಿದ್ದರೂ ಸುಮಾರು ಎರಡು ಸಾವಿರ ಏರಿತು. ಕೊಟೇಶನ್ ಇವತ್ತಿಗೆ ಮಾತ್ರ ಅನ್ನುವುದು ಇದಕ್ಕೇ.

ಇದು ಚಿಕ್ಕಮಗಳೂರಿನವರಿಗೆ ಹೊಸ ವಿಷಯವೇನಲ್ಲ. ರೊಬಸ್ಟಾ ಕಾಫಿ ಚೆರಿ ಮೂಟೆಗೆ ಇವತ್ತು ಎಷ್ಟು ಅಂತ ಕೇಳಿದರೆ ವ್ಯಾಪಾರಿ ಲಂಡನ್ ಮಾರುಕಟ್ಟೆ ನೋಡಿ ಹೇಳುತ್ತಾನೆ, ನಾಳೆಗೆ ಗ್ಯಾರಂಟಿ ಕೊಡುವುದಿಲ್ಲ. ಕಾರ್ಡಿನ ಅಂಗಡಿಯವರದೂ ಅದೇ ಪಾಡು. ವ್ಯತ್ಯಾಸ ಇಷ್ಟೇ, ಅಲ್ಲಿ ನೀವು ಮಾರುವವರು, ಇಲ್ಲಿ ಕೊಳ್ಳುವವರು.

ಕಾದರೆ ಇಳಿಯುತ್ತಾ ಅನ್ನುವುದೇ ಕಷ್ಟದ ಪ್ರಶ್ನೆ. ಹಿಂದೆ ಒಂದು ಸಲ ಇಳಿದಿದೆ, ಅದಕ್ಕೇ ಎಲ್ಲರೂ 'ಕಾಯಿರಿ' ಅನ್ನುತ್ತಾರೆ. 2020ರ ಸೆಪ್ಟೆಂಬರ್‌ನಲ್ಲಿ ಆರ್‌ಟಿಎಕ್ಸ್ 3080 ಬಂದಾಗ ಭಾರತದ ಬೆಲೆ 71,000 ಅಂದಿದ್ದರು. ಆ ಬೆಲೆಗೆ ಸಿಕ್ಕವರು ಅದೃಷ್ಟವಂತರು. ಕೋವಿಡ್‌ನಿಂದ ಎಲ್ಲರೂ ಮನೆಯಲ್ಲಿ, ಎಲ್ಲರಿಗೂ ಕಂಪ್ಯೂಟರ್ ಬೇಕು. ಇನ್ನೊಂದು ಕಡೆ ಈಥೀರಿಯಂ ಎಂಬ ಕ್ರಿಪ್ಟೊ ಗಣಿಗಾರಿಕೆಗೆ, ಅಂದರೆ ಕಂಪ್ಯೂಟರ್ ಓಡಿಸಿ ಡಿಜಿಟಲ್ ನಾಣ್ಯ ಗಳಿಸುವುದಕ್ಕೆ, ಕಾರ್ಡ್‌ಗಳನ್ನು ರಾಶಿಗಟ್ಟಲೆ ಎತ್ತಿಕೊಂಡು ಹೋದರು. ಗಣಿಯವರನ್ನು ದೂರ ಇಡೋಣ ಅಂತ ಎನ್‌ವಿಡಿಯಾ 2021ರಲ್ಲಿ ಆರ್‌ಟಿಎಕ್ಸ್ 3060ಕ್ಕೆ ಒಂದು ತಡೆ ಹಾಕಿತು. ಕೆಲವೇ ವಾರಗಳಲ್ಲಿ ತಾನೇ ಬಿಟ್ಟ ಒಂದು ಡ್ರೈವರ್ ಸಾಫ್ಟ್‌ವೇರ್‌ನಿಂದ ಆ ತಡೆ ತೆರೆದುಕೊಂಡಿತು. ನಗಬೇಕೋ ಅಳಬೇಕೋ! ಕೊನೆಗೆ 2022ರ ಸೆಪ್ಟೆಂಬರ್ 15ರಂದು ಈಥೀರಿಯಂ ತನ್ನ ಪದ್ಧತಿಯನ್ನೇ ಬದಲಿಸಿ, ಕಾರ್ಡ್ ಇಟ್ಟು ಗಣಿ ಮಾಡುವುದಕ್ಕೆ ಅರ್ಥವೇ ಇಲ್ಲದಂತೆ ಮಾಡಿತು. ಅಷ್ಟೊತ್ತಿಗೆ ಬೆಲೆ ಇಳಿಯತೊಡಗಿತ್ತು, ಹಳೆ ಕಾರ್ಡ್‌ಗಳು ಮಾರುಕಟ್ಟೆಗೆ ಸುರಿದವು.

ಆಗ ಬೇಡಿಕೆ ಹಾಗೆ ಒಂದೇ ದಿನ ಕಡಿದುಹೋಗುವುದು ಸಾಧ್ಯವಿತ್ತು. ಈಗಿನ ಬೇಡಿಕೆ ಎಐ ಕಂಪನಿಗಳದು, ಅದು ಹಾಗೆ ನಿಲ್ಲುವಂಥದ್ದಲ್ಲ. 2025ರ ಜನವರಿಗೆ ಮುಗಿದ ವರ್ಷದಲ್ಲಿ ಎನ್‌ವಿಡಿಯಾ ಆದಾಯ ಸುಮಾರು 130 ಬಿಲಿಯನ್ ಡಾಲರ್. ಅದರಲ್ಲಿ ಎಐ ಓಡುವ ಡೇಟಾ ಸೆಂಟರ್‌ಗಳಿಂದ ಬಂದದ್ದು ಸುಮಾರು 115, ಗೇಮಿಂಗ್‌ನಿಂದ ಬಂದದ್ದು 11ರ ಆಸುಪಾಸು. ನಿಮ್ಮ ಮಗ ಕೇಳುತ್ತಿರುವ ಕಾರ್ಡಿನ ಚಿಪ್ಪೂ ಡೇಟಾ ಸೆಂಟರ್‌ಗೆ ಹೋಗುವ ಚಿಪ್ಪೂ ತಯಾರಾಗುವುದು ತೈವಾನಿನ ಟಿಎಸ್‌ಎಂಸಿ ಎಂಬ ಚಿಪ್ ಕಂಪನಿಯಲ್ಲೇ. ಮೊದಲ ಮಣೆ ಯಾರಿಗೆ ಹಾಕುತ್ತಾರೆ ಅಂತ ಬೇರೆ ಹೇಳಬೇಕಿಲ್ಲ.

ಚಿಪ್ ಸಿಕ್ಕರೂ ಮೆಮೊರಿ ಬೇಕಲ್ಲ. ಜಗತ್ತಿನ ಮೆಮೊರಿಯ ಬಹುಪಾಲು ಮಾಡುವವರು ಮೂವರೇ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಸರ್ವರ್‌ಗಳಿಗೆ ಎಚ್‌ಬಿಎಂ ಎಂಬ ದುಬಾರಿ ಮೆಮೊರಿ ಬೇಕು. ಮೈಕ್ರಾನ್ ಹೇಳಿದ ಲೆಕ್ಕದಲ್ಲಿ, ಅಷ್ಟೇ ಜಿಬಿ ಸಾಮಾನ್ಯ ಮೆಮೊರಿಗೆ ಹೋಲಿಸಿದರೆ ಎಚ್‌ಬಿಎಂಗೆ ಸುಮಾರು 3 ಪಟ್ಟು ಸಿಲಿಕಾನ್ ಹಿಡಿಯುತ್ತದೆ. ಹಾಗಾಗಿ ಅದು ಹೆಚ್ಚಾದಷ್ಟೂ ನಮ್ಮಂಥವರ ಪಾಲು ಕರಗುತ್ತದೆ. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್, ಜನಸಾಮಾನ್ಯರಿಗೆ ರ‍್ಯಾಮ್, ಎಸ್‌ಎಸ್‌ಡಿ ಮಾರುತ್ತಿದ್ದ ತನ್ನ ಕ್ರೂಷಿಯಲ್ ಬ್ರಾಂಡನ್ನೇ ನಿಲ್ಲಿಸುವುದಾಗಿ ಹೇಳಿತು. ಹೊಸ ಮೆಮೊರಿ ಕಾರ್ಖಾನೆ ಎದ್ದು ನಿಲ್ಲಲು ವರ್ಷಗಳೇ ಬೇಕು. ಆರು ತಿಂಗಳು ಕಾದು 59,000ಕ್ಕಿಂತ ಕೆಳಗೆ ಸಿಗುತ್ತದೆ ಅಂತ ನಂಬಿ ಕೂರುವುದನ್ನು ನಾನಂತೂ ಮಾಡುವುದಿಲ್ಲ. ಅಗತ್ಯ ಇದ್ದರೆ ಕೊಳ್ಳಿ. ಇಲ್ಲದಿದ್ದರೆ ಬೆಲೆ ಎಷ್ಟಿದ್ದರೂ ಕೊಳ್ಳಬೇಡಿ.

ಹಾಗಾದರೆ ಅಗತ್ಯ ಇದೆಯಾ? ಮಗನನ್ನು ಕೂರಿಸಿಕೊಂಡು ಯಾವ ಸಾಫ್ಟ್‌ವೇರ್‌ಗೆ ಅಂತ ಕೇಳಿ. 'ಪ್ರಾಜೆಕ್ಟಿಗೆ' ಅಂದರೆ ಸಾಲದು, ಆ ಪದದ ಹಿಂದೆ ಎಷ್ಟೋ ಗೇಮುಗಳು ಅಡಗಿವೆ. ಆಟೋಕ್ಯಾಡ್, ಪ್ರೋಗ್ರಾಮಿಂಗ್, ಲ್ಯಾಬ್ ಕೆಲಸಕ್ಕೆ ಈ ಕಾರ್ಡ್ ಬೇಡವೇ ಬೇಡ. ಮಷೀನ್ ಲರ್ನಿಂಗ್ ಕಲಿಯುವುದಾದರೆ ಶುರುವಿಗೆ ಗೂಗಲ್ ಕೊಲ್ಯಾಬ್, ಕ್ಯಾಗಲ್ ಎಂಬ ಎರಡೂ ವೆಬ್‌ಸೈಟ್‌ಗಳು ಪುಕ್ಕಟೆ ಜಿಪಿಯು (ಗ್ರಾಫಿಕ್ಸ್ ಚಿಪ್) ಕೊಡುತ್ತವೆ. ಸಮಯದ ಮಿತಿ ಇದೆ, ಕಲಿಯುವವರಿಗೆ ಸಾಕು. ಮನೆಯಲ್ಲೇ ಎಐ ಮಾಡೆಲ್ ಓಡಿಸುವ ಹಂತಕ್ಕೆ ಬಂದರೆ ವೇಗಕ್ಕಿಂತ ಮೆಮೊರಿ ಮುಖ್ಯ. 5070ರಲ್ಲಿ ಇರುವುದು 12 ಜಿಬಿ. ಅದಕ್ಕಿಂತ ಕಡಿಮೆ ಬೆಲೆಗೆ ಬಿಡುಗಡೆಯಾದ 5060 ಟಿಐನಲ್ಲಿ 16 ಜಿಬಿಯದೂ ಇದೆ. ಇನ್ನು ಗೇಮಿಗೇ ಅಂದರೆ ಅದೂ ತಪ್ಪಲ್ಲ, ಆದರೆ ಸಾಮಾನ್ಯ ಫುಲ್ ಎಚ್‌ಡಿ ಮಾನಿಟರ್‌ಗೆ 5060 ಅಥವಾ ಇಂಟೆಲ್ ಕಂಪನಿಯ ಬಿ580 ಕಾರ್ಡ್ ನೋಡಲಿ. 5060 ಎಳೆಯುವುದು 145 ವ್ಯಾಟ್, 5070 ಎಳೆಯುವುದು 250. ದೊಡ್ಡದಕ್ಕೆ 650 ವ್ಯಾಟ್‌ನ ಒಳ್ಳೆಯ ಎಸ್‌ಎಂಪಿಎಸ್ ಬೇಕು, ಮಳೆಗಾಲದಲ್ಲಿ ಕರೆಂಟು ಹೋಗಿ ಬರುವ ನಮ್ಮ ಕಡೆ ಅದಕ್ಕೆ ತಕ್ಕ ಯುಪಿಎಸ್ಸೂ ಬೇಕು. ಮಗ ತೋರಿಸಿದ ಬೆಲೆಯಲ್ಲಿ ಇದ್ಯಾವುದೂ ಸೇರಿಲ್ಲ.

ಎಲ್ಲಿ ಕೊಳ್ಳುವುದು? ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಒಂದೆರಡು ಸಾವಿರ ಕಡಿಮೆಗೆ ಸಿಗಬಹುದು. ಆದರೆ ಕಾರ್ಡ್ ಕೆಟ್ಟರೆ ಅದನ್ನು ಹೊತ್ತು ಮತ್ತೆ ಬೆಂಗಳೂರಿಗೆ ಹೋಗುವವರು ನೀವೇ. ಊರಿನ ಅಂಗಡಿಯವರು ವಾರಂಟಿ ಓಡಾಟ ನಾವೇ ಮಾಡುತ್ತೇವೆ ಅಂತ ಒಪ್ಪಿದರೆ ಆ ಹೆಚ್ಚುವರಿ ಹಣ ದಂಡ ಅಲ್ಲ. ಅಡ್ವಾನ್ಸ್ ಕೊಡುವಾಗ ರಸೀದಿಯಲ್ಲಿ ಕಾರ್ಡಿನ ಪೂರ್ತಿ ಮಾಡೆಲ್ ಹೆಸರು, ಒಪ್ಪಿದ ಬೆಲೆ, ಎಷ್ಟು ದಿನದೊಳಗೆ ಬರಬೇಕು, ಬರದಿದ್ದರೆ ಹಣ ವಾಪಸ್ ಅಂತ ಬರೆಸಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇರಲಿ. ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇವೆ ಅಂದರೆ ಬೇಡ ಅನ್ನಿ, ಅಲ್ಲಿ ಉಳಿಯುವ ದುಡ್ಡು ವಾರಂಟಿಯಲ್ಲಿ ಹೋಗುತ್ತದೆ. ನಿಮ್ಮದೇ ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರ ಇದ್ದು, ಕಾರ್ಡ್ ಆ ಕೆಲಸಕ್ಕೇ ಆದರೆ 59,000ದಲ್ಲಿ 9,000 ತೆರಿಗೆ ಕ್ರೆಡಿಟ್ ಆಗಿ ಸಿಗುತ್ತದೆ. ಮಗನ ಗೇಮಿಗೆ ಇದು ನಡೆಯುವುದಿಲ್ಲ, ಕೇಳಬೇಡಿ.

ಸೆಕೆಂಡ್ ಹ್ಯಾಂಡ್ ನೋಡುವುದಾದರೆ 3060, 3070 ತರಹದವು ಈಗಲೂ ಓಡಾಡುತ್ತವೆ. ಗಣಿಯಲ್ಲಿ ದುಡಿದ ಕಾರ್ಡ್ ಅಂದ ಮಾತ್ರಕ್ಕೆ ಕೆಟ್ಟದ್ದೇನಲ್ಲ, ಆದರೆ ಫ್ಯಾನು ಸವೆದಿರುತ್ತದೆ, ಶಾಖ ಹೊರಹಾಕುವ ಥರ್ಮಲ್ ಪ್ಯಾಡ್ ಒಣಗಿರುತ್ತದೆ. ಮಾರುವವರ ಮನೆಯಲ್ಲೇ ಅರ್ಧ ಗಂಟೆ ಭಾರದ ಗೇಮ್ ಓಡಿಸಿ ನೋಡಿ, ಶಾಖ, ಸದ್ದು ಎರಡೂ ಗಮನಿಸಿ. ಪರದೆಯಲ್ಲಿ ಚುಕ್ಕಿ, ಗೆರೆ ಕಂಡರೆ ಎದ್ದು ಬನ್ನಿ. ಫೋಟೊ ನೋಡಿ ಮುಂಗಡ ಹಣ ಕಳಿಸುವುದು ಮಾತ್ರ ಬೇಡ.