ಬೆನ್ನಲ್ಲಿ ಬಸಿರು ಹೊತ್ತವಳ ಲೆಕ್ಕ

ಮಳೆ ಹಿಡಿದ ಮೇಲೆ ಕೊಡಗಿನ ಯಾವುದಾದರೂ ಗದ್ದೆಯಿಂದ ಒಂದು ಲೋಟ ನೀರು ಮೊಗೆದು ಬೆಳಕಿಗೆ ಹಿಡಿಯಿರಿ. ಸಾಸಿವೆಗಿಂತ ಚಿಕ್ಕ ಜೀವಿಗಳು ಕುಪ್ಪಳಿಸುತ್ತಾ ಈಜುವುದು ಕಾಣಬಹುದು. ಹೆಸರು ನೀರುಚಿಗಟ, ಆದರೆ ಇದು ಚಿಗಟವಲ್ಲ, ಏಡಿ ಸಿಗಡಿಗಳ ಬಳಗದ್ದು. ಭೂತಗನ್ನಡಿಯಲ್ಲಿ ನೋಡಿದರೆ ಗಾಜಿನಂಥ ಚಿಪ್ಪಿನೊಳಗೆ, ಬೆನ್ನಿನ ಕಡೆ ಒಂದು ಚೀಲ, ಅದರ ತುಂಬ ಮೊಟ್ಟೆ. ಬೆಳೆದ ಮರಿಗಳಾದರೆ ಕಣ್ಣಿನ ಕಪ್ಪು ಚುಕ್ಕೆಯೂ ಕಾಣುತ್ತದೆ. ಹೀಗೆ ಹೊತ್ತು ತಿರುಗಲು ತಾಯಿಗೆ ಎಷ್ಟು ಶಕ್ತಿ ಬೇಕು?

ಪ್ರಶ್ನೆ ಇಷ್ಟು ಸರಳವಾಗಿದ್ದರೂ ಉತ್ತರಕ್ಕೆ ಶತಮಾನವೇ ಹಿಡಿಯಿತು. ನೀರುಚಿಗಟ ಗಂಡಿಲ್ಲದೆಯೂ ಮರಿ ಹಾಕುತ್ತದೆ, ಕಷ್ಟಕಾಲಕ್ಕೆಂದು ಗಟ್ಟಿ ಕವಚದ ಮೊಟ್ಟೆಗಳನ್ನೂ ಇಡುತ್ತದೆ ಎಂಬುದನ್ನು ಇಂಗ್ಲೆಂಡಿನ ಜಾನ್ ಲಬಕ್ 1857ರಲ್ಲೇ ವಿವರಿಸಿದ್ದರು. 1870ರ ದಶಕದಲ್ಲಿ ಜರ್ಮನಿಯ ಆಗಸ್ಟ್ ವೈಸ್‌ಮನ್ ಇದೇ ಬಳಗದ ಹಲವು ಜೀವಿಗಳನ್ನು ಅಭ್ಯಾಸ ಮಾಡಿದರು. ಅದರಲ್ಲಿ ನನಗೆ ಅತ್ಯಂತ ಸೋಜಿಗವೆನಿಸುವುದು ಮೊಯ್ನಾ ಎಂಬ ಜಾತಿ: ಅದರ ಮೊಟ್ಟೆಯಲ್ಲಿ ಆಹಾರದ ದಾಸ್ತಾನು ಕಡಿಮೆ, ತಾಯಿಯೇ ಚೀಲದೊಳಗೆ ಪೋಷಕ ದ್ರವ ಒಸರಿ ಭ್ರೂಣವನ್ನು ಸಾಕುತ್ತಾಳೆ. ಇನ್ನೊಂದು ನೀರುಚಿಗಟ ಡಾಫ್ನಿಯಾ ಹಾಗಲ್ಲ. ಬೇಕಾದುದೆಲ್ಲವನ್ನೂ ಮೊದಲೇ ಮೊಟ್ಟೆಗೆ ತುಂಬಿಬಿಡುತ್ತದೆ. ಆ ಮೊಟ್ಟೆಯನ್ನು ಹೊರತೆಗೆದು ಬರಿ ನೀರಿನಲ್ಲಿಟ್ಟರೂ ಮರಿಯಾಗುತ್ತದೆ.

ಹಾಗಾದರೆ ಹೊರುವುದಕ್ಕೆ ಖರ್ಚೇ ಇಲ್ಲವೇ? ಇಲ್ಲಿ ಲೆಕ್ಕ ತಪ್ಪುವುದು ಸುಲಭ. ಶಕ್ತಿಯ ಖರ್ಚನ್ನು ಉಸಿರಾಟದಿಂದ ಅಳೆಯುತ್ತಾರೆ; ಬಸುರಿಯನ್ನು ಇಡಿಯಾಗಿ ಅಳೆದರೆ ಮರಿಗಳ ಉಸಿರೂ ತಾಯಿಯ ಖಾತೆಗೇ ಬೀಳುತ್ತದೆ. 1991ರಲ್ಲಿ ಅಮೆರಿಕದ ಜೀವವಿಜ್ಞಾನಿ ಡಗ್ಲಸ್ ಗ್ಲೇಸಿಯರ್ ಭ್ರೂಣಗಳ ಉಸಿರಾಟವನ್ನೂ ತಾಯಿಯ ಉಸಿರಾಟವನ್ನೂ ಬೇರ್ಪಡಿಸಿ ಅಳೆದದ್ದು ಇದೇ ಕಾರಣಕ್ಕೆ. ಇನ್ನೊಂದು ಬೆಲೆಯೂ ಇದೆ: ಪಾರದರ್ಶಕ ಮೈಯಲ್ಲಿ ತುಂಬಿದ ಚೀಲ ಎದ್ದು ಕಾಣುತ್ತದೆ, ಮೀನಿನ ಕಣ್ಣಿಗೆ ಬೀಳುತ್ತದೆ.

ಗದ್ದೆ ಬದುವಿನ ಏಡಿಯೂ ಹೊಟ್ಟೆಯಡಿಯ ಮಡಿಕೆಯಲ್ಲಿ ಮೊಟ್ಟೆ ಹೊರುತ್ತದೆ, ಒಡೆದ ಮೇಲೆ ಪುಟ್ಟ ಏಡಿಗಳನ್ನೂ ಅಲ್ಲೇ ಇಟ್ಟುಕೊಳ್ಳುತ್ತದೆ. ಅದು ಎಲ್ಲರ ಕಣ್ಣಿಗೆ ಬೀಳುವಂಥದ್ದು. ನೀರುಚಿಗಟವನ್ನು ಕೇಳುವವರು ಯಾರು?

ಕೇಳುವವರಿದ್ದಾರೆ, ಪ್ರಯೋಗಾಲಯದಲ್ಲಿ. ರಾಸಾಯನಿಕಗಳ ವಿಷವನ್ನು ಪರೀಕ್ಷಿಸಲು ಜಗತ್ತಿನಾದ್ಯಂತ ಡಾಫ್ನಿಯಾವನ್ನೇ ಬಳಸುತ್ತಾರೆ. 21 ದಿನಗಳ ಪರೀಕ್ಷೆಯಲ್ಲಿ ತಾಯಿ ಬದುಕಿದಳೇ ಎಂಬುದರ ಜೊತೆಗೆ ಎಷ್ಟು ಮರಿ ಹಾಕಿದಳು ಎಂದೂ ಎಣಿಸುತ್ತಾರೆ. ವಿಷದೊಡನೆ ಸೆಣಸಲು ಶಕ್ತಿ ಹೋದರೆ ಮರಿಗಳ ಪಾಲು ಕುಗ್ಗುತ್ತದೆ. ತಾಮ್ರವಂತೂ ಇದಕ್ಕೆ ಬಹಳ ಕಡಿಮೆ ಪ್ರಮಾಣದಲ್ಲೇ ಮಾರಕ. ನಮ್ಮಲ್ಲಿ ಮಳೆಗೆ ಮುನ್ನ ಕಾಫಿ, ಮೆಣಸಿಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರದ ಲವಣವೇ. ತೋಟ ಏರಿನಲ್ಲಿ, ಗದ್ದೆ ತಗ್ಗಿನಲ್ಲಿ. ಮೊದಲ ಮಳೆಯ ನೀರು ಇಳಿದು ಬರುವ ಹೊತ್ತಿಗೇ ಈ ತಾಯಂದಿರು ಗದ್ದೆಯಲ್ಲಿ ಚೀಲ ತುಂಬಿಕೊಳ್ಳುತ್ತಿರುತ್ತಾರೆ.