ಕುರು ಕೊಯ್ದ ಮೇಲೆ: ಗಾಯದ ಬಾಯಿ ಬೇಗ ಮುಚ್ಚದಿರಲಿ

ಮಗುವಿನ ತೊಡೆಯಲ್ಲೋ ಕಂಕುಳಲ್ಲೋ ಎದ್ದ ಕುರುವನ್ನು ಡಾಕ್ಟರು ಕೊಯ್ದು ಕೀವು ತೆಗೆದರೆ ಚಿಕಿತ್ಸೆಯ ದೊಡ್ಡ ಪಾಲು ಅಲ್ಲಿಗೇ ಮುಗಿಯಿತು. ಕೀವಿನ ಗೂಡಿನೊಳಗೆ ರಕ್ತನಾಳಗಳಿರುವುದಿಲ್ಲ, ಹೀಗಾಗಿ ಬಾಯಿಯಿಂದ ಕುಡಿಸಿದ ಔಷಧ ಅಲ್ಲಿಗೆ ಸಾಕಷ್ಟು ತಲುಪದು. ಕೋ-ಟ್ರೈಮಾಕ್ಸಜೋಲ್‌ಗಂತೂ ಇನ್ನೊಂದು ಅಡ್ಡಿ. ಡಿಎನ್‌ಎ ಕಟ್ಟಲು ಬೇಕಾದ ಥೈಮಿಡಿನ್ ಎಂಬ ವಸ್ತು ಬ್ಯಾಕ್ಟೀರಿಯಾಕ್ಕೆ ಸಿಗದಂತೆ ಮಾಡುವುದು ಈ ಆ್ಯಂಟಿಬಯೋಟಿಕ್‌ನ ಕೆಲಸ, ಆದರೆ ಸತ್ತ ಜೀವಕೋಶಗಳ ಡಿಎನ್‌ಎ ಒಡೆದು ಕೀವಿನಲ್ಲಿ ಥೈಮಿಡಿನ್ ತುಂಬಿಕೊಂಡಿರುತ್ತದೆ. ಕೀವು ಹೊರಹೋದ ಮೇಲೆಯೇ ಮಾತ್ರೆಗೆ ಬೆಲೆ.

ಮನೆಗೆ ಬಂದ ಮೇಲೆ ನೋಡಬೇಕಾದ್ದು ಮುಖ್ಯವಾಗಿ ಒಂದೇ: ಗಾಯ ತಳದಿಂದ ಮೇಲಕ್ಕೆ ತುಂಬಿಬರಬೇಕು. ಮೇಲಿನ ಚರ್ಮ ಮೊದಲು ಕೂಡಿಕೊಂಡರೆ ಒಳಗೆ ಮತ್ತೆ ಕೀವು ಕಟ್ಟುತ್ತದೆ. ಇದನ್ನು ತಡೆಯಲೆಂದೇ ಗಾಯದೊಳಗೆ ಗಾಜ್ ಬಟ್ಟೆ ತುರುಕುವ ರೂಢಿ ಬಂತು. ಅದನ್ನು ಎಳೆದು ಬದಲಿಸುವಾಗ ಮಗು ಪಡುವ ನೋವು ಸಣ್ಣದಲ್ಲ. ತುರುಕಿದ, ತುರುಕದ ಮಕ್ಕಳನ್ನು ಹೋಲಿಸಿದ ಸಣ್ಣ ಅಧ್ಯಯನದಲ್ಲಿ ಗುಣವಾಗುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸಣ್ಣ ಕುರುವಿಗೆ ಅದು ಬೇಡ ಎಂದೇ ನಮ್ಮ ಅಭಿಪ್ರಾಯ. ಕುರು ದೊಡ್ಡದಿದ್ದರೆ ಅರ್ಧ ಸೆಂಟಿಮೀಟರಿನ ಎರಡು ಕೊಯ್ತ ಹಾಕಿ, ಅವುಗಳ ಮೂಲಕ ಮೆತ್ತನೆಯ ರಬ್ಬರ್ ಎಳೆಯೊಂದನ್ನು ಹಾಯಿಸಿ ಸಡಿಲವಾಗಿ ಗಂಟು ಹಾಕುತ್ತಾರೆ. ಕೀವು ಇಳಿಯುತ್ತಲೇ ಇರುತ್ತದೆ. ಸುಮಾರು ಒಂದು ವಾರದ ನಂತರ ಎಳೆಯನ್ನು ಕತ್ತರಿಸಿ ತೆಗೆದರಾಯಿತು.

ದಿನಕ್ಕೆ ಮೂರು-ನಾಲ್ಕು ಬಾರಿ, ಹತ್ತು-ಹದಿನೈದು ನಿಮಿಷ ಉಗುರುಬೆಚ್ಚಗಿನ ಒದ್ದೆ ಬಟ್ಟೆಯ ಶಾಖ ಕೊಡಿ. ಮೇಲಿನ ಬ್ಯಾಂಡೇಜನ್ನು ದಿನವೂ, ನೆನೆದರೆ ಆಗಲೇ, ಬದಲಿಸಿ. ಹಿಂಡಬೇಡಿ, ಅರಿಶಿನ ಮೆತ್ತಬೇಡಿ. ಎರಡು ದಿನದ ನಂತರ ಡಾಕ್ಟರಿಗೆ ತೋರಿಸಿ.

ಕೊಯ್ದ ಮೇಲೂ ಆ್ಯಂಟಿಬಯೋಟಿಕ್ ಬೇಕೇ? 2010ರಲ್ಲಿ ಪ್ರಕಟವಾದ, 161 ಅಮೆರಿಕನ್ ಮಕ್ಕಳ ಅಧ್ಯಯನದಲ್ಲಿ ಗುಣವಾಗದೆ ಉಳಿದವರು ಹುಸಿಮದ್ದು (ಔಷಧದ ಅಂಶವಿಲ್ಲದ ತೋರಿಕೆಯ ಮದ್ದು) ಪಡೆದವರಲ್ಲಿ ಶೇ. 5.3, ಕೋ-ಟ್ರೈಮಾಕ್ಸಜೋಲ್ ಪಡೆದವರಲ್ಲಿ ಶೇ. 4.1. ವ್ಯತ್ಯಾಸ ಇಲ್ಲವೆಂದೇ ಲೆಕ್ಕ. 2017ರಲ್ಲಿ 786 ಜನರ ದೊಡ್ಡ ಅಧ್ಯಯನ ಬಂತು. ಅವರಲ್ಲಿ 281 ಮಕ್ಕಳಿದ್ದರು, ಕುರುಗಳೆಲ್ಲ 5 ಸೆಂಟಿಮೀಟರಿನೊಳಗಿನವು, ಚಿಕಿತ್ಸೆ ಹತ್ತು ದಿನ. ಗುಣವಾದವರು ಇನ್ನೊಂದು ಆ್ಯಂಟಿಬಯೋಟಿಕ್ ಆದ ಕ್ಲಿಂಡಮೈಸಿನ್‌ನಲ್ಲಿ ಶೇ. 83, ಕೋ-ಟ್ರೈಮಾಕ್ಸಜೋಲ್‌ನಲ್ಲಿ ಶೇ. 82, ಹುಸಿಮದ್ದಿನಲ್ಲಿ ಶೇ. 69. ಅಂದರೆ ಮದ್ದಿಲ್ಲದೆಯೂ ಹತ್ತರಲ್ಲಿ ಏಳು ಜನ ಗುಣವಾದರು, ಮದ್ದು ಪಡೆದವರಲ್ಲಿ ಹತ್ತಕ್ಕೆ ಎಂಟಕ್ಕಿಂತ ತುಸು ಹೆಚ್ಚು ಮಂದಿ. ಒಂದು ತಿಂಗಳೊಳಗೆ ಹೊಸ ಸೋಂಕು ಕ್ಲಿಂಡಮೈಸಿನ್ ಪಡೆದವರಲ್ಲೇ ಕಡಿಮೆ, ಆದರೆ ಭೇದಿಯಂಥ ತೊಂದರೆ ಹೆಚ್ಚು. ಜ್ವರ, ಸುತ್ತ ಹರಡುವ ಕೆಂಪು, ಹಲವು ಕುರುಗಳು ಅಥವಾ ಎಳೆಯ ವಯಸ್ಸು ಇದ್ದರೆ ಮದ್ದು ಕೊಡುವುದೇ ಸರಿ.

ಕೋ-ಟ್ರೈಮಾಕ್ಸಜೋಲ್ ಪ್ರಮಾಣವನ್ನು ಅದರಲ್ಲಿನ ಟ್ರೈಮೆಥೊಪ್ರಿಮ್ ಮೇಲೆ ಲೆಕ್ಕ ಹಾಕುತ್ತಾರೆ: ದಿನಕ್ಕೆ ಕಿಲೋ ತೂಕಕ್ಕೆ 8–12 ಮಿಲಿಗ್ರಾಂ, ಎರಡು ಬಾರಿಗೆ ಹಂಚಿ. ಹತ್ತು ಕಿಲೋ ಮಗುವಿಗೆ, 5 ಮಿಲೀಗೆ 40 ಮಿಲಿಗ್ರಾಂ ಟ್ರೈಮೆಥೊಪ್ರಿಮ್ ಇರುವ ಸಿರಪ್ಪಾದರೆ, ಹೊತ್ತಿಗೆ 5ರಿಂದ 7.5 ಮಿಲೀ. ಡಾಕ್ಟರು ಬರೆದದ್ದನ್ನು ಸರಿಯಾಗಿ ಅಳೆಯಲು ಈ ಲೆಕ್ಕ ನೆರವಾದೀತು, ನೀವೇ ಶುರುಮಾಡಲು ಅಲ್ಲ. ಎರಡು ತಿಂಗಳೊಳಗಿನ ಕೂಸಿಗೆ ಇದು ಸಲ್ಲದು. ಮನೆಯಲ್ಲಿ ಉಳಿದ ಸೆಫಿಕ್ಸಿಮ್ ಸಿರಪ್ಪನ್ನೂ ಕುಡಿಸಬೇಡಿ. ಕುರುವಿಗೆ ಸಾಮಾನ್ಯವಾಗಿ ಕಾರಣವಾಗುವ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾದ ಮೇಲೆ ಅದರ ಆಟ ನಡೆಯದು. ಯಾವ ಔಷಧ ಹಿಡಿಯುತ್ತದೆಂದು ತಿಳಿಯಲು ಕೊಯ್ಯುವಾಗಲೇ ಕೀವನ್ನು ಕಲ್ಚರ್‌ಗೆ ಕಳಿಸಲು ಕೇಳಿ.

ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದಿಡಿ. ಗೆರೆ ದಾಟಿದರೆ, ಜ್ವರ ಬಂದರೆ, ಮಗು ಮಂಕಾಗಿ ಹಾಲು ಬಿಟ್ಟರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಪದೇ ಪದೇ ಕುರು ಏಳುವ ಮಗುವಿನ ಮನೆಯಲ್ಲಿ ಸ್ಟ್ಯಾಫಿಲೊಕಾಕಸ್ ಬೇರೆಯವರ ಮೂಗಿನಲ್ಲೂ ಇರಬಹುದು. ಅಮೆರಿಕದ ಸೇಂಟ್ ಲೂಯಿಸ್‌ನ ಅಧ್ಯಯನವೊಂದರಲ್ಲಿ ಮೂಗಿಗೆ ಆ್ಯಂಟಿಬಯೋಟಿಕ್ ಆದ ಮ್ಯುಪಿರೊಸಿನ್ ಮುಲಾಮು, ಮೈಗೆ ಸೋಂಕುನಿವಾರಕ ಕ್ಲೋರ್‌ಹೆಕ್ಸಿಡಿನ್ ಸ್ನಾನವನ್ನು ಐದು ದಿನ ಮಾಡಿಸಿದರು. ರೋಗಿಗೆ ಮಾತ್ರ ಮಾಡಿಸಿದಾಗ ವರ್ಷದೊಳಗೆ ಶೇ. 72 ಮಂದಿಗೆ ಸೋಂಕು ಮರುಕಳಿಸಿತು, ಮನೆಮಂದಿಗೆಲ್ಲ ಮಾಡಿಸಿದಾಗ ಶೇ. 52 ಮಂದಿಗೆ. ಇಷ್ಟು ಮಾಡಿಯೂ ಅರ್ಧಕ್ಕರ್ಧ ಮಂದಿಗೆ ಮತ್ತೆ ಬಂತು. ಹಾಗಾಗಿ ಮುಲಾಮಿನ ಜೊತೆಗೆ ಒಬ್ಬೊಬ್ಬರಿಗೂ ಬೇರೆ ಟವೆಲ್, ಕತ್ತರಿಸಿದ ಉಗುರು, ಬ್ಯಾಂಡೇಜ್ ಮುಟ್ಟಿದ ಕೂಡಲೇ ಸೋಪಿನಿಂದ ಕೈತೊಳೆಯುವುದು, ಇವಿಷ್ಟೂ ಇರಲಿ.