ಸ್ಯಾನ್ ಡಿಯಾಗೊದ ಕಹಿ

ಬಿಯರ್‌ಗೆ ಹೆಸರಾದ ಯೂರೋಪಿನ ಹಳೆಯ ಊರುಗಳ ಕೀರ್ತಿಯ ಬೇರು ಹೆಚ್ಚಾಗಿ ಅಲ್ಲಿನ ನೆಲದಲ್ಲೇ ಇದೆ. ಚೆಕ್ ದೇಶದ ಪಿಲ್ಸೆನ್‌ನದು ಲವಣಾಂಶ ತೀರಾ ಕಡಿಮೆ ಇರುವ ಮೃದು ನೀರು. ಇಂಗ್ಲೆಂಡಿನ ಬರ್ಟನ್‌ನ ಬಾವಿಗಳಲ್ಲಿ ಜಿಪ್ಸಮ್ ಕರಗಿದ ಗಡಸು ನೀರು. ಮ್ಯೂನಿಕ್‌ನ ಸುತ್ತ ಬಾರ್ಲಿ ಹೊಲಗಳು, ಸ್ವಲ್ಪ ದೂರದಲ್ಲಿ ಬಿಯರ್‌ಗೆ ಕಹಿ, ಪರಿಮಳ ಕೊಡುವ ಹಾಪ್ಸ್ ಹೂವಿನ ತೋಟಗಳು. ಕ್ಯಾಲಿಫೋರ್ನಿಯಾದ ದಕ್ಷಿಣ ತುದಿಯಲ್ಲಿ, ಮೆಕ್ಸಿಕೊ ಗಡಿಗೆ ಅಂಟಿಕೊಂಡಿರುವ ಬಂದರು ನಗರ ಸ್ಯಾನ್ ಡಿಯಾಗೊಗೆ ಇಂಥ ಯಾವ ಭಾಗ್ಯವೂ ಇಲ್ಲ. ವರ್ಷಕ್ಕೆ ಸುಮಾರು 250 ಮಿಲಿಮೀಟರ್ ಮಳೆ. ನಮ್ಮ ಚಳ್ಳಕೆರೆ ಸೀಮೆಯೂ ಇದಕ್ಕಿಂತ ಹೆಚ್ಚು ಮಳೆ ಕಾಣುತ್ತದೆ. ಕುಡಿಯುವ ನೀರಿನ ಬಹುಪಾಲು ನೂರಾರು ಕಿಲೋಮೀಟರ್ ದೂರದ ಕೊಲರಾಡೊ ನದಿಯಿಂದ ಕಾಲುವೆ, ಸುರಂಗಗಳಲ್ಲಿ ಹರಿದು ಬರಬೇಕು. ಹಾಪ್ಸ್ ಬರುವುದು ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯಿಂದ, ಬಾರ್ಲಿ ಉತ್ತರದ ಚಳಿ ಬಯಲುಗಳಿಂದ. ಕಣ್ಣೆದುರಿಗಿರುವ ಪೆಸಿಫಿಕ್ ಸಾಗರದ ನೀರು ಉಪ್ಪು ತೆಗೆಯದೆ ಬಿಯರ್‌ನ ಕಡಾಯಿಗೆ ಒದಗದು.

ಆದರೂ ಸಣ್ಣ ಪ್ರಮಾಣದಲ್ಲಿ, ಹದವರಿತು ತಯಾರಿಸುವ ಕ್ರಾಫ್ಟ್ ಬಿಯರ್‌ನ ಮಾತು ಬಂದಾಗ ಈ ಊರಿನ ಹೆಸರು ಮೊದಲ ಸಾಲಿನಲ್ಲೇ ಬರುತ್ತದೆ. ಭರಾಟೆಯ ಕಾಲದಲ್ಲಿ ಈ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಸುಮಾರು 150 ಬ್ರೂವರಿಗಳಿದ್ದವು. ಇದಕ್ಕೆ ಬಿಸಿಲು, ಅಲೆಸವಾರರು, ನಿರಾಳ ಬದುಕು ಎಂದೆಲ್ಲ ಪ್ರವಾಸೋದ್ಯಮದವರು ಕಾರಣ ಕೊಡುತ್ತಾರೆ. ಅದು ನನಗೆ ಒಪ್ಪಿಗೆಯಾಗುವುದಿಲ್ಲ. ಬಿಸಿಲೂ ಅಲೆಗಳೂ ಇರುವ ಊರುಗಳಿಗೆ ಕರಾವಳಿಯಲ್ಲಿ ಬರವಿಲ್ಲ. ಬೇರೆಡೆ ನೆಲ ಮಾಡಿಕೊಟ್ಟ ಕೆಲಸವನ್ನು ಇಲ್ಲಿ ಜೀವರಸಾಯನಶಾಸ್ತ್ರ ಮಾಡಿಕೊಟ್ಟಿತು ಎಂಬುದು ನನ್ನ ವಾದ.

ಕಥೆ ಶುರುವಾಗುವುದು ಅಡುಗೆಮನೆಗಳಲ್ಲಿ. ಅಮೆರಿಕದಲ್ಲಿ 1933ರಲ್ಲಿ ಪಾನನಿಷೇಧ ತೆರವಾದಾಗ ಮನೆಯಲ್ಲಿ ವೈನ್ ಮಾಡಿಕೊಳ್ಳಲು ಅವಕಾಶ ಸಿಕ್ಕಿತು, ಬಿಯರ್‌ಗೆ ಸಿಗಲಿಲ್ಲ. 1978ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮಸೂದೆ ಆ ಅಡ್ಡಿಯನ್ನು ತೆಗೆಯಿತು. ಹವ್ಯಾಸಿಗಳು ಬಹಿರಂಗವಾಗಿಯೇ ಬಿಯರ್ ಕುದಿಸತೊಡಗಿದರು. ಸ್ಯಾನ್ ಡಿಯಾಗೊದ ನಡುಪೇಟೆಯಲ್ಲಿ 1989ರಲ್ಲಿ ಕಾರ್ಲ್ ಸ್ಟ್ರಾಸ್ ಬ್ರೂವರಿ ತೆರೆಯಿತು. ಅದರ ಹೆಸರಿಗೆ ಕಾರಣರಾದ ಜರ್ಮನ್ ಮೂಲದ ಹಿರಿಯರು ಪ್ಯಾಬ್ಸ್ಟ್ ಎಂಬ ದೈತ್ಯ ಕಂಪನಿಯಲ್ಲಿ ದಶಕಗಟ್ಟಲೆ ದುಡಿದು ನಿವೃತ್ತರಾದವರು. 1992ರಲ್ಲಿ ಹೋಮ್ ಬ್ರೂ ಮಾರ್ಟ್ ಎಂಬ ಅಂಗಡಿ ಬಂತು. ಮನೆಯ ಬಿಯರ್‌ಗೆ ಬೇಕಾದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಹಾಪ್ಸ್, ಪಾತ್ರೆಪಗಡಗಳ ಮಾರಾಟ ಅಲ್ಲಿ. ಆ ಅಂಗಡಿಯ ಹಿಂಭಾಗದಲ್ಲೇ 1996ರಲ್ಲಿ ಬ್ಯಾಲಾಸ್ಟ್ ಪಾಯಿಂಟ್ ಬ್ರೂವರಿ ಹುಟ್ಟಿತು. ಅದೇ ವರ್ಷ ಸ್ಟೋನ್ ಬ್ರೂವರಿಯೂ ಶುರುವಾಯಿತು.

ಹವ್ಯಾಸಿಗಳ ದೊಡ್ಡ ತೊಡಕು, ಸಕ್ಕರೆಯನ್ನು ತಿಂದು ಮದ್ಯವಾಗಿಸುವ ಸೂಕ್ಷ್ಮಜೀವಿ ಯೀಸ್ಟ್. ಆಗ ಸಿಗುತ್ತಿದ್ದ ಒಣ ಯೀಸ್ಟ್ ಪೊಟ್ಟಣಗಳನ್ನು ಪೂರ್ತಿ ನಂಬುವಂತಿರಲಿಲ್ಲ. ಬೇಡದ ಬ್ಯಾಕ್ಟೀರಿಯಾಗಳು ಅದರ ಜೊತೆಗೇ ಬರುತ್ತಿದ್ದವು. ಊರಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದ ಕ್ರಿಸ್ ವೈಟ್‌ಗೆ ಶುದ್ಧ ತಳಿಗಳನ್ನು ಬೆಳೆಸುವುದು ನಿತ್ಯದ ಕೆಲಸ. ಗೆಳೆಯರಿಗಾಗಿ ಆರಂಭಿಸಿದ್ದು 1995ರಲ್ಲಿ ವೈಟ್ ಲ್ಯಾಬ್ಸ್ ಎಂಬ ಕಂಪನಿಯಾಯಿತು. ಇಂದು ಜಗತ್ತಿನ ನಾನಾ ಮೂಲೆಗಳ ಬ್ರೂವರಿಗಳಿಗೆ ಇಲ್ಲಿಂದ ಯೀಸ್ಟ್ ಹೋಗುತ್ತದೆ. ಅದರ ವಿಳಾಸ ಕ್ಯಾಂಡಿಡಾ ಸ್ಟ್ರೀಟ್. ಕ್ಯಾಂಡಿಡಾ ಎಂಬುದು ಸೋಂಕು ತರುವ ಯೀಸ್ಟ್‌ಗಳ ಕುಲನಾಮವೂ ಹೌದು ಎಂಬುದನ್ನು ಸೂಕ್ಷ್ಮಜೀವಿ ತಜ್ಞರಿಗೆ ಬಿಡಿಸಿ ಹೇಳಬೇಕಿಲ್ಲ.

ಅಲ್ಲಿ ಬಂದವರಿಗೆ ರುಚಿ ತೋರಿಸುತ್ತಿದ್ದ ಕ್ರಮ ನನಗೆ ಬಹಳ ಮೆಚ್ಚುಗೆಯಾದದ್ದು. ಒಂದೇ ಮಾಲ್ಟ್, ಒಂದೇ ಹಾಪ್ಸ್, ಒಂದೇ ಕಡಾಯಿಯಲ್ಲಿ ಕುದಿದ ಒಂದೇ ಸಿಹಿ ರಸ. ಅದನ್ನು ಬೇರೆ ಬೇರೆ ತೊಟ್ಟಿಗೆ ಹಂಚಿ, ಒಂದೊಂದಕ್ಕೂ ಒಂದೊಂದು ತಳಿಯ ಯೀಸ್ಟ್ ಹಾಕುತ್ತಿದ್ದರು. ಲೋಟಗಳನ್ನು ಸಾಲಾಗಿ ಇಟ್ಟರೆ ಒಂದರಲ್ಲಿ ಬಾಳೆಹಣ್ಣಿನ ವಾಸನೆ, ಇನ್ನೊಂದರಲ್ಲಿ ಲವಂಗ, ಮತ್ತೊಂದರಲ್ಲಿ ಇವು ಯಾವುವೂ ಇಲ್ಲದ ಶುಭ್ರ ರುಚಿ. ವಿಜ್ಞಾನದ ಪಾಠದಲ್ಲಿ ಬರುವ ನಿಯಂತ್ರಿತ ಪ್ರಯೋಗವನ್ನು ಇದಕ್ಕಿಂತ ಚೆನ್ನಾಗಿ ಯಾರೂ ಬಡಿಸಿರಲಾರರು.

ಬಾಳೆಹಣ್ಣಿನ ವಾಸನೆಗೆ ಕಾರಣ ಐಸೊಅಮೈಲ್ ಅಸಿಟೇಟ್ ಎಂಬ ಎಸ್ಟರ್. ಮಾಗಿದ ಬಾಳೆಹಣ್ಣಿನಲ್ಲಿರುವುದೂ ಅದೇ ಅಣು. ಲವಂಗದ ಕಥೆ ಇನ್ನೂ ಸ್ವಾರಸ್ಯದ್ದು. ಕಾಳಿನ ಸಿಪ್ಪೆಯಲ್ಲಿ ಫೆರುಲಿಕ್ ಆಮ್ಲವಿರುತ್ತದೆ. ಕಾಡಿನ ಯೀಸ್ಟ್‌ಗೆ ಅದು ವಿಷ. ಎರಡು ಜೀನ್‌ಗಳ ನೆರವಿನಿಂದ ಅದನ್ನು ಒಡೆದು ಪಾರಾಗುತ್ತದೆ. ಒಡೆದಾಗ ಹುಟ್ಟುವುದೇ ಲವಂಗ ವಾಸನೆಯ ಅಣು. ಬೆಲ್ಜಿಯಂನ ಲೂವೆನ್‌ನಲ್ಲಿರುವ ಕೆವಿನ್ ವರ್ಸ್ಟ್ರೆಪನ್ ತಂಡ ಮತ್ತು ವೈಟ್ ಲ್ಯಾಬ್ಸ್ ಸೇರಿ 157 ಯೀಸ್ಟ್ ತಳಿಗಳ ಜೀನೋಮ್ ಓದಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚಿನ ಬಿಯರ್ ತಳಿಗಳಲ್ಲಿ ಈ ಜೀನ್‌ಗಳು ಕೆಟ್ಟುಹೋಗಿರುವುದು ಕಂಡುಬಂತು. ಲವಂಗ ವಾಸನೆ ಬೇಡವೆಂದ ಬ್ರೂವರ್‌ಗಳು ಚೆನ್ನಾಗಿ ಬಂದ ಬಿಯರ್‌ನ ತಳದಲ್ಲಿ ಉಳಿದ ಯೀಸ್ಟನ್ನೇ ಮುಂದಿನ ಕಡಾಯಿಗೆ ಹೆಪ್ಪು ಹಾಕುತ್ತ ಬಂದರು. ಜೀನ್ ಎಂದರೇನೆಂದು ತಿಳಿಯದ ಕಾಲದಲ್ಲಿ, ಶತಮಾನಗಳ ಕಾಲ ನಡೆದ ಆಯ್ಕೆ ಅದು. ಆದರೆ ಲವಂಗವೇ ಬೇಕೆನ್ನುವ ಜರ್ಮನಿಯ ಗೋಧಿ ಬಿಯರ್‌ನಂಥವುಗಳ ತಳಿಗಳಲ್ಲಿ ಆ ಜೀನ್‌ಗಳು ನೆಟ್ಟಗಿವೆ.

ಅದೇ ಅಧ್ಯಯನ ಇನ್ನೊಂದು ಸಂಗತಿಯನ್ನೂ ಹೇಳಿತು. ದ್ರಾಕ್ಷಿ ಸುಗ್ಗಿಯಲ್ಲಷ್ಟೇ ಕೆಲಸವಿರುವ ವೈನ್ ಯೀಸ್ಟ್ ವರ್ಷದ ಉಳಿದ ಕಾಲ ತೋಟದಲ್ಲೋ ಕೀಟಗಳ ಹೊಟ್ಟೆಯಲ್ಲೋ ಬದುಕುತ್ತದೆ, ಆದ್ದರಿಂದ ಕಾಡುಗುಣ ಉಳಿಸಿಕೊಂಡಿದೆ. ಬಿಯರ್ ಯೀಸ್ಟ್ ತೊಟ್ಟಿಯಿಂದ ತೊಟ್ಟಿಗೆ ಹೋಗುತ್ತ ಹೊರಲೋಕವನ್ನೇ ಕಂಡಿಲ್ಲ. ಅದರ ಅನೇಕ ತಳಿಗಳು ಲೈಂಗಿಕವಾಗಿ ಸಂತಾನ ಬೆಳೆಸುವ ಶಕ್ತಿಯನ್ನೂ ಕಳೆದುಕೊಂಡಿವೆ. ಅಮೆರಿಕದ ತಳಿಗಳು ಬ್ರಿಟಿಷ್ ತಳಿಗಳ ಹತ್ತಿರದ ಬಂಧುಗಳು ಎಂಬುದೂ ಅಲ್ಲಿ ಕಾಣುತ್ತದೆ.

ಸ್ಯಾನ್ ಡಿಯಾಗೊದಲ್ಲಿ ಮನೆಮಾತಾದ ತಳಿಯ ಹೆಸರು ಕ್ಯಾಲಿಫೋರ್ನಿಯಾ ಏಲ್ (ಏಲ್ ಎಂಬುದು ಬಿಯರ್‌ನ ಒಂದು ಬಗೆ). ಇದರ ಹೆಚ್ಚುಗಾರಿಕೆ ಅದು ಮಾಡದೆ ಬಿಡುವ ಕೆಲಸದಲ್ಲಿದೆ: ಬಾಳೆಹಣ್ಣು, ಲವಂಗಗಳ ಗೊಡವೆಗೆ ಹೋಗದೆ ಸಕ್ಕರೆಯನ್ನು ತಿಂದು ಮುಗಿಸಿ ತಳಕ್ಕಿಳಿಯುತ್ತದೆ. ಯೀಸ್ಟ್ ಹೀಗೆ ಬಾಯಿ ಮುಚ್ಚಿಕೊಂಡರೆ ಹಾಪ್ಸ್ ಮಾತಾಡಬಹುದು. ಮಾಲ್ಟ್ ಕಡೆಯಿಂದಲೂ ಅಂಥದೇ ಸಹಕಾರ ಬೇಕು. ಮಾಲ್ಟ್ ಎಂದರೆ ನಾವು ರಾಗಿಯಲ್ಲಿ ಮಾಡುವುದನ್ನೇ ಬಾರ್ಲಿಯಲ್ಲಿ ಮಾಡುವುದು: ನೆನೆಸಿ, ಮೊಳಕೆ ಬರಿಸಿ, ಒಣಗಿಸುವುದು. ಮೊಳಕೆಯಲ್ಲಿ ಹುಟ್ಟಿದ ಕಿಣ್ವಗಳು ಬಿಸಿನೀರಿನಲ್ಲಿ ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ನೀರು 65 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಯೀಸ್ಟ್ ತಿನ್ನಬಲ್ಲ ಸಕ್ಕರೆಯೇ ಹೆಚ್ಚು, ಹಾಗಾಗಿ ಕೊನೆಗೆ ಸಿಹಿ ಉಳಿಯುವುದಿಲ್ಲ. ಇನ್ನಷ್ಟು ಬಿಸಿಯಾದರೆ ಯೀಸ್ಟ್‌ಗೆ ದಕ್ಕದ ದೊಡ್ಡ ಅಣುಗಳು ಉಳಿದು ಬಿಯರ್ ದಪ್ಪವಾಗುತ್ತದೆ. ಸ್ಯಾನ್ ಡಿಯಾಗೊದವರು ಆರಿಸಿಕೊಂಡದ್ದು ತೆಳು, ತಿಳಿ, ಸಿಹಿಯಿಲ್ಲದ ದಾರಿಯನ್ನು.

ಇನ್ನು ಹಾಪ್ಸ್. ಗಾಂಜಾ ಕುಟುಂಬಕ್ಕೆ ಸೇರಿದ ಬಳ್ಳಿ. ಅದರ ಹೆಣ್ಣು ಹೂಗೊಂಚಲಿನ ಎಸಳುಗಳ ಬುಡದಲ್ಲಿ ಹಳದಿ ಅಂಟುಪುಡಿ ಇರುತ್ತದೆ. ಅದರಲ್ಲಿನ ಆಲ್ಫಾ ಆಮ್ಲಗಳು ನೀರಿನಲ್ಲಿ ಸರಿಯಾಗಿ ಕರಗುವುದೂ ಇಲ್ಲ, ಹೆಚ್ಚು ಕಹಿಯೂ ಅಲ್ಲ. ಒಂದು ಗಂಟೆ ಕುದಿಸಿದರೆ ಅದೇ ಪರಮಾಣುಗಳು ಬೇರೆ ವಿನ್ಯಾಸಕ್ಕೆ ಹೊರಳಿ ಐಸೊ-ಆಲ್ಫಾ ಆಮ್ಲಗಳಾಗುತ್ತವೆ. ಕಹಿ ಅವುಗಳದ್ದು. ಆದರೆ ಅಷ್ಟು ಹೊತ್ತು ಕುದಿಸಿದರೆ ಪರಿಮಳದ ತೈಲಗಳು ಹಬೆಯ ಜೊತೆ ಹಾರಿಹೋಗುತ್ತವೆ. ಕಹಿ ಬೇಕಾದರೆ ಮೊದಲೇ ಹಾಕಬೇಕು, ಪರಿಮಳ ಬೇಕಾದರೆ ಕೊನೆಗೆ. ಹುದುಗು ಮುಗಿಯುತ್ತ ಬಂದಾಗ ತಣ್ಣಗಿನ ಬಿಯರ್‌ಗೇ ಹಾಪ್ಸ್ ಸುರಿಯುವ ಡ್ರೈ ಹಾಪಿಂಗ್ ಇಲ್ಲಿನವರ ಕೈಗುಣ. 1972ರಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ತಳಿಯಿಂದ ಮೊದಲ್ಗೊಂಡು ಅಮೆರಿಕದ ಹೊಸ ಹಾಪ್ಸ್‌ಗಳಿಗೆ ಚಕ್ಕೋತ, ಪೈನ್ ಮರದ ಅಂಟು, ಮಾವಿನ ಪರಿಮಳಗಳಿವೆ.

ಕಹಿಯನ್ನು ಮಿತಿಮೀರಿ ಒಯ್ದ ಕಥೆ ನಡೆದದ್ದು ಕೌಂಟಿಯ ಗಡಿಯಿಂದ ಸ್ವಲ್ಪ ಆಚೆ, ಟೆಮೆಕ್ಯುಲಾದಲ್ಲಿ. 1994ರಲ್ಲಿ ವಿನ್ನಿ ಸಿಲುರ್ಜೊ ಬ್ಲೈಂಡ್ ಪಿಗ್ ಎಂಬ ಪುಟ್ಟ ಬ್ರೂವರಿ ತೆರೆದಾಗ ಅವರ ಪಾತ್ರೆಗಳು ಹಳೆಯವು, ಅಷ್ಟೇನೂ ನಂಬಿಕೆಯವಲ್ಲ. ಏನಾದರೂ ಕೆಟ್ಟ ರುಚಿ ಬಂದರೆ ಮುಚ್ಚಿಹೋಗಲಿ ಎಂದು ಹಾಪ್ಸನ್ನು ದುಪ್ಪಟ್ಟು ಹಾಕಿದರು. ಹಾಪ್ಸ್ ಹೆಚ್ಚಾಗಿ ಹಾಕಿದ ಕಹಿ ಏಲ್‌ಗೆ ಐಪಿಎ ಎನ್ನುತ್ತಾರೆ; ಇಂದು ಡಬಲ್ ಐಪಿಎ ಎಂದು ಕರೆಯುವ ಬಗೆ ಮಾರಾಟಕ್ಕೆ ಬಂದದ್ದು ಹೀಗೆ. ಕಹಿಗೂ ಒಂದು ಮೇಲ್ಮಿತಿ ಇದೆ. ಲೀಟರ್‌ಗೆ ಸುಮಾರು ಒಂದು ಮಿಲಿಗ್ರಾಂ ಐಸೊ-ಆಲ್ಫಾ ಆಮ್ಲವೆಂದರೆ ಒಂದು ಕಹಿಮಾನ. ಲಾಗರ್ ಎಂಬ ಸಾಧಾರಣ, ತಿಳಿ ಬಿಯರ್‌ನಲ್ಲಿ ಅದು ಹತ್ತು ಹದಿನೈದರ ಆಸುಪಾಸು, ಇಲ್ಲಿನ ಐಪಿಎಗಳಲ್ಲಿ 60, 70. ನೂರರ ಸುತ್ತ ಬಂದಾಗ ಬಿಯರ್ ಇನ್ನಷ್ಟನ್ನು ಕರಗಿಸಿಕೊಳ್ಳದು. ಲೇಬಲ್ ಮೇಲೆ ಅದಕ್ಕೂ ಎಷ್ಟೋ ದೊಡ್ಡ ಸಂಖ್ಯೆ ಕಂಡರೆ ಅದು ಕಾಗದದ ಮೇಲಿನ ಲೆಕ್ಕ, ನಾಲಿಗೆಯದಲ್ಲ.

ಮನುಷ್ಯನಿಗೆ ಕಹಿಯನ್ನು ಗುರುತಿಸುವ ಗ್ರಾಹಕಗಳು ಸುಮಾರು 25 ಬಗೆಯವು. ಅವುಗಳಲ್ಲಿ ಮೂರು ಹಾಪ್ಸ್‌ನ ಕಹಿಗೆ ಸ್ಪಂದಿಸುತ್ತವೆ ಎಂದು ತಿಳಿದಿದೆ. ಇವು ಇರುವುದೇ ವಿಷದ ಎಚ್ಚರಿಕೆ ಕೊಡಲು. ಆ ಎಚ್ಚರಿಕೆಯನ್ನು ಮೀರಿ ಮಿದುಳು ಇಷ್ಟಪಡಲು ಕಲಿಯುತ್ತದೆ. ಹಾಗಲಕಾಯಿ ಗೊಜ್ಜನ್ನು ಚಿಕ್ಕಂದಿನಲ್ಲಿ ಉಗುಳಿ, ದೊಡ್ಡವರಾದ ಮೇಲೆ ಕೇಳಿ ಬಡಿಸಿಕೊಳ್ಳುವವರಿಗೆ ಈ ಕಲಿಕೆಯನ್ನು ವಿವರಿಸಬೇಕಿಲ್ಲ.

ಇದೇ ಕಹಿ ಅಣುಗಳು ಕಡಲತೀರದಲ್ಲಿ ಕೈಕೊಡುತ್ತವೆ. ಬಿಯರ್‌ನಲ್ಲಿರುವ ರೈಬೊಫ್ಲಾವಿನ್ ಬಿಸಿಲನ್ನು ಹೀರಿ ಐಸೊ-ಆಲ್ಫಾ ಆಮ್ಲಗಳನ್ನು ಮುರಿಯುತ್ತದೆ; ತುಣುಕು ಗಂಧಕದೊಂದಿಗೆ ಕೂಡಿ ಸ್ಕಂಕ್ ಪ್ರಾಣಿಯ ದುರ್ನಾತವನ್ನು ಹೋಲುವ ಅಣುವಾಗುತ್ತದೆ. ಲೀಟರ್‌ಗೆ ಕೆಲವೇ ನ್ಯಾನೊಗ್ರಾಂ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಪಾರದರ್ಶಕ ಬಾಟಲಿಯಲ್ಲಿ ಇದಕ್ಕೆ ನಿಮಿಷಗಳು ಸಾಕು. ಸ್ಯಾನ್ ಡಿಯಾಗೊ ನಗರದ ಮತದಾರರು 2008ರಲ್ಲಿ ಕಡಲತೀರಗಳಲ್ಲಿ ಮದ್ಯಪಾನ ನಿಷೇಧವನ್ನು ಕಾಯಂಗೊಳಿಸಿದ್ದು ಗಲಾಟೆಗಳಿಗೆ ಬೇಸತ್ತು. ರಸಾಯನಶಾಸ್ತ್ರವೂ ಅವರ ಪಕ್ಷದಲ್ಲೇ ಇತ್ತು.

ಈ ಊರಿಗೆ ಹೆಸರು ತಂದ ಐಪಿಎಯ ಪೂರ್ತಿ ಹೆಸರು ಇಂಡಿಯಾ ಪೇಲ್ ಏಲ್. ಭಾರತದ ಸೆಕೆಗೆಂದೇ ಹಾಡ್ಜ್‌ಸನ್ ಎಂಬಾತ ಇದನ್ನು ಕಂಡುಹಿಡಿದ ಎಂಬ ಕಥೆ ಎಲ್ಲೆಡೆ ಓಡಾಡುತ್ತದೆ. ಆದರೆ ಹಾಪ್ಸ್ ಹೆಚ್ಚಾಗಿ ಹಾಕಿ ಕೂಡಿಡುವ ಗಟ್ಟಿ ಏಲ್‌ಗಳು ಇಂಗ್ಲೆಂಡಿನಲ್ಲಿ ಮೊದಲೇ ಇದ್ದವು. ಲಂಡನ್ನಿನ ಬೋ ಬಡಾವಣೆಯಲ್ಲಿದ್ದ ಹಾಡ್ಜ್‌ಸನ್ ಬ್ರೂವರಿಗಿದ್ದ ಅನುಕೂಲ, ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲುವ ಜಾಗ ಹತ್ತಿರವಿದ್ದದ್ದು, ಕಪ್ತಾನರಿಗೆ ಸಾಲ ಕೊಡುವ ಧಾರಾಳ. ಪೀಪಾಯಿಗಳು ಆಫ್ರಿಕಾವನ್ನು ಬಳಸಿ, ಭೂಮಧ್ಯರೇಖೆಯನ್ನು ಎರಡು ಸಲ ದಾಟಿ, ತಿಂಗಳುಗಟ್ಟಲೆ ಓಲಾಡುತ್ತ ಬರುತ್ತಿದ್ದವು. ಕೆಡಬೇಕಾದ ಬಿಯರ್ ಕಲ್ಕತ್ತೆಯಲ್ಲಿ ಇಳಿಯುವಾಗ ಇನ್ನೂ ಹದವಾಗಿರುತ್ತಿತ್ತು. ಹೀಗೆ ಮಾಗುವ ಇಂಗ್ಲಿಷ್ ಬಿಯರ್‌ನೊಳಗೆ ಏನು ನಡೆಯುತ್ತದೆಂದು ಗೊತ್ತಾದದ್ದು 1904ರಲ್ಲಿ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್‌ನ ಕ್ಲಾಸೆನ್ ಅದರಲ್ಲಿ ಬೇರೊಂದು ಯೀಸ್ಟನ್ನು ಗುರುತಿಸಿ ಬ್ರೆಟ್ಟನೊಮೈಸಿಸ್ ಎಂದು ಹೆಸರಿಟ್ಟರು. ಮಾಮೂಲಿ ಯೀಸ್ಟ್ ಬಿಟ್ಟುಹೋದ ಸಕ್ಕರೆಗಳನ್ನು ಅದು ನಿಧಾನವಾಗಿ ತಿನ್ನುತ್ತಿತ್ತು.

ಹೀಗೆ ಮಾಗುತ್ತಿದ್ದ ಆ ಬಿಯರ್‌ನ ಕ್ಯಾಲಿಫೋರ್ನಿಯಾ ಮೊಮ್ಮಗನ ಸ್ವಭಾವ ನೇರ ತದ್ವಿರುದ್ಧ. ಹಾಪ್ಸ್ ಪರಿಮಳದ ಅಣುಗಳು ಆಮ್ಲಜನಕ ತಾಗಿದರೆ ಬಾಳುವುದಿಲ್ಲ. ಸ್ಟೋನ್ ಬ್ರೂವರಿ 2012ರಲ್ಲಿ ತಂದ ಒಂದು ಐಪಿಎಗೆ, ಯಾವ ದಿನದೊಳಗೆ ಕುಡಿದು ಮುಗಿಸಬೇಕೋ ಆ ದಿನಾಂಕವೇ ಹೆಸರು. ಆಯಸ್ಸು ಸುಮಾರು ಐದು ವಾರ. ಹಾಡ್ಜ್‌ಸನ್ನನ ಹಡಗು ಅಷ್ಟರಲ್ಲಿ ಗುಡ್‌ಹೋಪ್ ಭೂಶಿರವನ್ನೂ ತಲುಪುತ್ತಿರಲಿಲ್ಲ.

ಡ್ರೈ ಹಾಪಿಂಗ್ ಅತಿಯಾದಾಗ ಹೊಸ ತಲೆನೋವೊಂದು ಕಾಣಿಸಿತು. ಹುದುಗು ನಿಂತ ಬಿಯರ್ ಮತ್ತೆ ಹುದುಗುತ್ತಿತ್ತು, ಡಬ್ಬಿಗಳು ಉಬ್ಬುತ್ತಿದ್ದವು, ಡೈಅಸಿಟೈಲ್ ಹುಟ್ಟಿ ಬೆಣ್ಣೆಯ ವಾಸನೆ ಬರುತ್ತಿತ್ತು. ಹಾಪ್ಸ್ ಹೂವಿನಲ್ಲೇ ಇರುವ ಕಿಣ್ವಗಳು ಉಳಿದ ದೊಡ್ಡ ಅಣುಗಳನ್ನು ಒಡೆದು ಯೀಸ್ಟ್‌ಗೆ ಮತ್ತೆ ಊಟ ಹಾಕುತ್ತಿದ್ದವು. 2010ರ ದಶಕದಲ್ಲಿ ಎಲ್ಲರೂ ಬೆರಗಾದ ಈ ವಿದ್ಯಮಾನವನ್ನು ಇಂಗ್ಲೆಂಡಿನ ಬ್ರೌನ್ ಮತ್ತು ಮಾರಿಸ್ ಎಂಬ ರಸಾಯನಶಾಸ್ತ್ರಜ್ಞರು 1893ರಲ್ಲೇ ಬರೆದಿಟ್ಟಿದ್ದರು. ಹಳೆಯ ಸಂಶೋಧನಾ ಪತ್ರಿಕೆಗಳನ್ನು ಓದುವ ಅಭ್ಯಾಸ ಯಾವ ಕ್ಷೇತ್ರದಲ್ಲೂ ವ್ಯರ್ಥವಲ್ಲ, ಆದರೆ ಯಾರಿಗೂ ಪುರುಸೊತ್ತಿಲ್ಲ.

ವ್ಯಾಪಾರದ ಏರಿಳಿತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ಯಾಲಾಸ್ಟ್ ಪಾಯಿಂಟನ್ನು 2015ರಲ್ಲಿ ದೊಡ್ಡ ಕಂಪನಿಯೊಂದು 100 ಕೋಟಿ ಡಾಲರ್ ಕೊಟ್ಟು ಕೊಂಡು, ನಾಲ್ಕೇ ವರ್ಷದಲ್ಲಿ ಕೈತೊಳೆದುಕೊಂಡಿತು. ಸ್ಟೋನ್ 2022ರಲ್ಲಿ ಜಪಾನಿನ ಸಪೊರೊ ಪಾಲಾಯಿತು.

ನನಗೆ ಅದಕ್ಕಿಂತ ಕುತೂಹಲ ನೀರಿನ ವಿಷಯದಲ್ಲಿದೆ. ಕೊಲರಾಡೊ ನದಿ ಸೊರಗುತ್ತಿದೆ. ಆದ್ದರಿಂದ ಸ್ಯಾನ್ ಡಿಯಾಗೊ ತನ್ನ ಕೊಳಚೆ ನೀರನ್ನೇ ಕುಡಿಯುವ ಮಟ್ಟಕ್ಕೆ ಶುದ್ಧೀಕರಿಸುವ ಯೋಜನೆ ಹಾಕಿಕೊಂಡಿದೆ. 2035ರ ಹೊತ್ತಿಗೆ ನಗರದ ಅಗತ್ಯದ ಅರ್ಧದಷ್ಟನ್ನು ಹೀಗೆ ಪೂರೈಸುವುದು ಗುರಿ. ಓಝೋನ್, ಇದ್ದಿಲು, ಸೂಕ್ಷ್ಮ ಪೊರೆಗಳು, ರಿವರ್ಸ್ ಆಸ್ಮೋಸಿಸ್, ಕೊನೆಗೆ ಅತಿನೇರಳೆ ಕಿರಣ. ಇಷ್ಟೂ ಹಂತಗಳನ್ನು ದಾಟಿದ ನೀರನ್ನು ಕಂಡರೂ ಜನ ಮೂಗು ಮುರಿಯುತ್ತಾರೆ. 2017ರಲ್ಲಿ ಪ್ರಾಯೋಗಿಕ ಘಟಕದ ಆ ನೀರಿನಿಂದ ಸ್ಟೋನ್ ಬ್ರೂವರಿ ಫುಲ್ ಸರ್ಕಲ್ ಎಂಬ ಪೇಲ್ ಏಲ್ ಮಾಡಿತು. ಮೇಯರ್ ಎಲ್ಲರೆದುರು ಕುಡಿದು ತೋರಿಸಿದರು. ಪ್ರಚಾರದ ಆಚೆಗೂ ಬ್ರೂವರ್‌ಗಳಿಗೆ ಇದರಲ್ಲಿ ಲಾಭವಿದೆ. ಕೊಲರಾಡೊ ನೀರಿನ ಗಡಸುತನ ಅವರು ಕೇಳಿ ಪಡೆದದ್ದಲ್ಲ. ಪೊರೆ ದಾಟಿದ ನೀರಿನಲ್ಲಿ ಲವಣ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹಾಗೇ ಬಳಸಿದರೆ ಅದು ಪಿಲ್ಸೆನ್ ನೀರಿಗೆ ಹತ್ತಿರ, ಲಾಗರ್‌ಗೆ ಹೇಳಿ ಮಾಡಿಸಿದ್ದು. ಅಳೆದು ಜಿಪ್ಸಮ್ ಬೆರೆಸಿದರೆ ಸಲ್ಫೇಟ್ ಏರಿ ಬರ್ಟನ್‌ನ ಬಾವಿಯಂತೆ ಕಹಿ ಚುರುಕಾಗುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದರೆ ಮಾಲ್ಟ್‌ನ ತುಂಬುರುಚಿ ಮುಂದೆ ಬರುತ್ತದೆ.